ಮುತ್ತಕ್ಕನ ಬೆಲ್ಲ ನೀರು

ಆ ಕಡಲತೀರದಲ್ಲಿ ಚಂಡಮಾರುತ ಮುನ್ನಾದಿನ ತಾನೇ ಮನೆಮನೆಗೆ ಬಂದು ಹೇಳಿಹೋಗುವುದು ವಾಡಿಕೆ. ಹೋದ ಸಲವೂ ಒದ್ದೆ ಅಂಗಿಯ ಮುದುಕನಾಗಿ ಬಂದಿತ್ತು. ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ? ಪ್ರತಿ ಮನೆಯಲ್ಲೂ ಕೂರಿಸಿ ಬೆಲ್ಲ ನೀರು ಕೊಟ್ಟರು, ಊಟಕ್ಕೂ ಒತ್ತಾಯಿಸಿದರು. ಕೊನೆಯ ಕೇರಿ ಮುಟ್ಟುವಷ್ಟರಲ್ಲಿ ಮುದುಕ ಬಿರುಗಾಳಿಯೇ ಆಗಿಬಿಟ್ಟಿದ್ದ. ಅಲ್ಲಿ ನಲವತ್ತು ಜನ ಹೋದರು, ಮುತ್ತಕ್ಕನ ತಂಗಿಯೂ.

ಈ ಸಲ ಅವನು ಮುತ್ತಕ್ಕನ ಜಗಲಿ ಹತ್ತಿ ಕೂರಲು ಹೋದ.

"ಕೂಕಣ್ಬೇಡ ಮಾರಾಯಾ!" ಎಂದಳು ಮುತ್ತಕ್ಕ.

"ಬೆಲ್ಲ ನೀರು?" ಎಂದ ಆಸೆಯಿಂದ.

"ನಿನ್ ಹೊಟ್ಟಿ ಚಿಂತಿ ಆಮೇಲ್! ಮೊದ್ಲ್ ಕೊನೀ ಕೇರಿಗೆ ಓಡ್. ಅಲ್ಲಿಂದ ಹೇಳ್ಕಂಡ್ ಬಾ."

ಮುದುಕ ಓಡಿದ. ಮುತ್ತಕ್ಕ ದೇವರಿಗೆ ಕೈಮುಗಿದು ಗಂಟು ಹೊತ್ತಳು. ಗುಡ್ಡದತ್ತ ಹೊರಡುವ ಮೊದಲು ಜಗಲಿಯಲ್ಲಿ ಒಂದು ತಂಬಿಗೆ ನೀರು, ಬೆಲ್ಲದ ತುಂಡು ಇಟ್ಟಳು. ಮನೆ ಕೆಡವಲು ಬರುವವನಾದರೂ ಬಾಯಾರಿ ಬಂದಿರುತ್ತಾನಲ್ಲ.