ದನಿ ಕಟ್ಟುವ ಪುಡಿ

ಸ್ನಾನದ ಮನೆಯಲ್ಲಿ ಗಂಡ ಗುನುಗುತ್ತಿದ್ದ. ಸುರಿವ ನೀರಿನ ಸದ್ದಿನಲ್ಲಿ ಯಾವ ಹಾಡೆಂದು ತಿಳಿಯಲಿಲ್ಲ. ಆದರೆ ಶ್ರುತಿ ತಪ್ಪಿರಲಿಲ್ಲ. ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಬಸ್ ಓಡಿಸುವವನು. ಸಂಗೀತದ ಟೀಚರಾದ ತನ್ನನ್ನು ಕಟ್ಟಿಕೊಂಡು ಇಷ್ಟು ವರ್ಷವಾದರೂ ಒಂದು ಸಾಲು ನೆಟ್ಟಗೆ ಹಾಡಿದವನಲ್ಲ. ಈಗ ಕಲಿಸಿದವರು ಯಾರು?

ಅವನ ಜೇಬು ತಡಕಿದಳು. ತರಗತಿ ಇದೆಯೆಂದು ಹೇಳಿ ಹೊರಟು, ಅವನ ಬೆನ್ನು ಹತ್ತಿದಳು. ಡ್ಯೂಟಿ ಮುಗಿಸಿದವನು ಹೋದದ್ದು ಗಿಣಿಯ ಮನೆಗೆ. ಗಿಣಿ ಅವಳದೇ ಹಳೆಯ ಶಿಷ್ಯೆ, ಚೆಂದದ ಹುಡುಗಿ. ಈಗ ಪಕ್ಕದ ಬೀದಿಯಲ್ಲಿ ತಾನೇ ಪಾಠ ಹೇಳುತ್ತಿದ್ದಳು. ಬಾಗಿಲು ಮುಚ್ಚಿತು. ಒಳಗೆ ಇಬ್ಬರೂ ನಕ್ಕರು.

"ಎಲ್ಲಿದ್ರಿ ಇಷ್ಟು ಹೊತ್ತು?" ಮನೆಗೆ ಬಂದವನನ್ನು ಕೇಳಿದಳು.

"ಒಂದು ವಾರ ಏನೂ ಕೇಳ್ಬೇಡ ಮಾರಾಯ್ತಿ. ಆಮೇಲೆ ನಾನೇ ಹೇಳ್ತೀನಿ. ನಂಬಿಕೆ ಇದೆ ತಾನೆ?"

"ಇಲ್ದೆ ಏನು?" ಎಂದು ನಕ್ಕಳು.

ಮರುದಿನ ಸಂತೆಬೀದಿಯ ಮೂಲಿಕೆ ಅಜ್ಜಿಯ ಮುಂದೆ ಕುಳಿತಿದ್ದಳು. ಅಜ್ಜಿ ಕೊಟ್ಟ ಮದ್ದು ಹುಸಿ ಹೋದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

"ಇಬ್ಬರೂ ಕುಡೀಬೇಕು ಮಗಳೇ," ಅಜ್ಜಿ ಪೊಟ್ಟಣ ಕಟ್ಟುತ್ತ ಹೇಳಿದಳು. "ನಂಬಿಕೆ ಮುರಿದವರ ದನಿ ಕಟ್ಟಿಹೋಗುತ್ತೆ. ಮತ್ತೆ ಬರಲ್ಲ. ಯೋಚನೆ ಮಾಡು."

"ಯೋಚನೆ ಮಾಡ್ಬೇಕಾದವರು ಅವರು."

ಸಂಜೆ ಚಹಾದಲ್ಲಿ ಪುಡಿ ಕದಡಿದಳು. ಗಂಡ ಎಂದಿನಂತೆ ಗಟಗಟನೆ ಕುಡಿದು ಲೋಟ ಕೆಳಗಿಟ್ಟ. ಅವಳೂ ಒಂದು ಹನಿ ಬಿಡದೆ ಕುಡಿದಳು. ಕಣ್ಣು ಮಾತ್ರ ಅವನ ಗಂಟಲ ಮೇಲೆಯೇ ನೆಟ್ಟಿತ್ತು.

ಅವನು ಎದ್ದು ನಿಂತ. ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಅವಳು ಮುಂದಕ್ಕೆ ಬಾಗಿದಳು.

ಅವನು ಹಾಡಿದ.

ಅಡುಗೆ ಮಾಡುವಾಗೆಲ್ಲ ಅವಳು ಒಬ್ಬಳೇ ಹಾಡಿಕೊಳ್ಳುತ್ತಿದ್ದ ಜೋಡಿ ಹಾಡು. ಗಂಡಿನ ಸಾಲನ್ನು ಒಂದು ಸ್ವರವೂ ಜಾರದಂತೆ ಹಾಡಿ, ಹುಡುಗನಂತೆ ನಾಚಿಕೊಂಡ.

"ಗಿಣಿ ಹತ್ರ ಕಲಿತೆ. ನನ್ನ ಕತ್ತೆ ದನಿ ಕೇಳಿ ಆ ಹುಡುಗಿ ನಕ್ಕಿದ್ದೇ ನಕ್ಕಿದ್ದು. ನಿನ್ನ ಹುಟ್ಟಿದ ದಿನಕ್ಕೆ ಅಂತಿದ್ದೆ, ತಡೆಯೋಕಾಗ್ಲಿಲ್ಲ. ಎಷ್ಟು ವರ್ಷ ಅಂತ ನೀನೊಬ್ಳೇ ಹಾಡ್ತೀಯ? ಹ್ಞೂಂ, ಮುಂದಿನ ಸಾಲು ನಿಂದು."

ಅವಳ ಕಣ್ಣು ತುಂಬಿ ಬಂತು. ಅವನ ಕೈ ಹಿಡಿದು, ಉಸಿರೆಳೆದು, ಬಾಯಿ ತೆರೆದಳು.

ದನಿ ಹೊರಡಲಿಲ್ಲ.