ಕೇದಾರದ ಬಸ್ಸಿನಲ್ಲಿ ಅಜ್ಜಿಯ ಕೈ

ಒಣಶುಂಠಿಯ ವಾಸನೆ ಬಂದರೆ ಈಗಲೂ ನನ್ನ ಎಡಗೈ ಮಣಿಕಟ್ಟು ನೋಯುತ್ತದೆ.

ಕೊಳ್ಳೇಗಾಲ ಬಿಟ್ಟು ನಾನು ಮೊದಲ ಸಲ ದೂರ ಹೋದದ್ದು ಕೇದಾರಕ್ಕೆ. ಹಿಮಾಲಯದ ಇಕ್ಕಟ್ಟು ರಸ್ತೆಯಲ್ಲಿ ಒಂದು ಮಧ್ಯಾಹ್ನ ಗುಡ್ಡ ಕುಸಿದು ಬಸ್ಸು ನಿಂತಿತು. ಬಾಗಿಲಿಗೆ ಬಂಡೆ ಒತ್ತಿಕೊಂಡಿತ್ತು; ನನ್ನ ಕಿಟಕಿಯ ಕೆಳಗೆ ನೆಲವೇ ಇರಲಿಲ್ಲ. ಪಕ್ಕದಲ್ಲಿ ಶುಂಠಿ ಅಗಿಯುತ್ತಿದ್ದ ಅಜ್ಜಿ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಳು.

"ಅಳಬ್ಯಾಡ ಮಗಾ. ಇಲ್ಲೇ ಸತ್ರೆ ಶಿವನ ಪಾದ ಸೇರ್ತೀವಿ."

ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು.

ಮುಂದಿನ ಸೀಟಿನಲ್ಲಿದ್ದ ಅಪ್ಪ ತಾಯಿಗೆ ಎಂದೂ ಎದುರಾಡಿದವರಲ್ಲ. ರೇಷ್ಮೆ ಮಗ್ಗದಲ್ಲಿ ಕೂತವರಂತೆ ಅವರ ಕಾಲುಗಳು ಸುಮ್ಮನೆ ನೆಲ ತುಳಿಯುತ್ತಿದ್ದವು. ಈಗ ತುಳಿತ ನಿಂತಿತು.

"ನಿಂಗೆ ಬೇಕಾದ್ರೆ ನೀನೋಗವ್ವಾ. ಮಗಿನ ಕೈ ಬಿಡು."

ಅಜ್ಜಿ ಬಿಟ್ಟಳು. ಊರು ತಲುಪುವವರೆಗೂ ಆ ಕೈ ನನ್ನನ್ನು ಮುಟ್ಟಲಿಲ್ಲ.