ಕೆಂಪಾಜಮ್ಮನ ಸಾಲು

ದೇವೀರಮ್ಮ ಸೋಬಾನೆ ಪದದ ಮೊದಲ ಸಾಲು ಹಾಡಿ ನಿಲ್ಲಿಸಿದಳು. ಎರಡನೆಯ ಸಾಲು ಯಾವಾಗಲೂ ಗೆಳತಿ ಕೆಂಪಾಜಮ್ಮನದು. ಮಳವಳ್ಳಿ ಸುತ್ತಿನ ಮದುವೆಮನೆಗಳಲ್ಲಿ ಇಬ್ಬರೂ ಹಾಗೆ ಹಾಡುತ್ತಲೇ ಮುದುಕಿಯರಾಗಿದ್ದರು. ಕೆಂಪಾಜಮ್ಮ ತೀರಿಕೊಂಡ ಮೇಲೆ ದೇವೀರಮ್ಮ ಹಾಡಿರಲೇ ಇಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಸಂಭ್ರಮದ ಸಭೆಗೆ ಊರಿಗೆ ಹೊಸಬರಾದ ಸಂಪತ್ ಕುಮಾರ್ ಮೇಷ್ಟ್ರು ಅವಳನ್ನು ಬಲವಂತದಿಂದ ಕರೆತಂದಿದ್ದರು.

ಅಭ್ಯಾಸದಂತೆ ಅವಳು ಎಡಕ್ಕೆ ತಿರುಗಿ ಕಾದಳು. ಅಲ್ಲಿ ಯಾರೂ ಇರಲಿಲ್ಲ. ಪದ ಮುಗಿಯಿತೆಂದುಕೊಂಡ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಶಾಲು ಬಿಡಿಸಿಕೊಂಡು ಬಂದರು.

"ತುಂಬಾ ಚೆನ್ನಾಗಿತ್ತು ದೇವೀರಮ್ಮ. ಸ್ವಲ್ಪ ಬಗ್ಗಿ, ಹೊದಿಸ್ತೀನಿ."

"ಮುಗ್ದಿಲ್ಲ ಮೇಷ್ಟ್ರೆ. ಇನ್ನರ್ಧ ನಮ್ ಕೆಂಪಾಜವ್ವಂದು."

"ಅವರೆಲ್ಲಿ? ಕರೀರಿ, ಅವರೂ ಹಾಡಲಿ."

"ಓದ್ ವರ್ಸನೇ ಮಣ್ಣಾದ್ಲು ಕಣಪ್ಪ," ಎಂದು ದೇವೀರಮ್ಮ ಮತ್ತೆ ಮೈಕಿನತ್ತ ತಿರುಗಿದಳು.

ಕೆಂಪಾಜಮ್ಮನ ಸಾಲು ಮೇಲಿನ ದನಿಯದು. ತನ್ನ ಗಂಟಲಿಗೆ ಅದು ಎಟುಕುವುದಿಲ್ಲವೆಂದು ದೇವೀರಮ್ಮನಿಗೆ ಗೊತ್ತಿತ್ತು. ಆದರೂ ಎತ್ತಿಕೊಂಡಳು. ದನಿ ಒಡೆಯಿತು. ಮುಂದೆ ಕೂತವರು ತಲೆ ತಗ್ಗಿಸಿದರು. ಅವಳು ನಿಲ್ಲಿಸಲಿಲ್ಲ. ತನ್ನ ಸಾಲು ಹಾಡಿದಳು, ಗೆಳತಿಯ ಸಾಲನ್ನೂ ಹಾಡಿದಳು. ಹಾಗೆ ಒಬ್ಬಳೇ ಆ ಪದವನ್ನು ಕೊನೆ ಮುಟ್ಟಿಸಿದಳು.